ಹೆಸರು ಕದ್ದ ಕೇಸು ಠಾಣೆಗೆ ಬಂದಾಗ: ಮೊದಲ ದಿನದಿಂದ ಮಾಡಬೇಕಾದ ಕೆಲಸ

ಇಂಡಿ ಕಡೆಯ ಒಬ್ಬ ಹೆಣ್ಣುಮಗಳು ಠಾಣೆಗೆ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಮತ್ತು ನಾಲ್ಕು ಮಡಿಕೆ ಮಾಡಿದ ಒಂದು ವಕೀಲರ ನೋಟಿಸ್. "ಸಾಹೇಬ್ರ, ನಾ ಸಾಲ ತಗೊಂಡಿಲ್ರಿ, ಇದು ನಂದಲ್ರಿ" ಅಂತ ನಿಂತಲ್ಲೇ ಹೇಳುತ್ತಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ತಮ್ಮನ್ನೇ ಹಿಡಿದು ಒಳಗೆ ಹಾಕುತ್ತಾರೆ ಅನ್ನೋ ಹೆದರಿಕೆ. ಅಷ್ಟರಲ್ಲಿ ಅವರು ಎರಡು ಕಡೆ ತಿರುಗಿ ಬಂದಿದ್ದರು. ಸಾಲ ಕೊಟ್ಟ ಕಂಪನಿಯವರು "ಪೊಲೀಸ್ರ ಕಡೆಯಿಂದ ಕಾಗದ ತಗೊಂಡು ಬರ್ರಿ" ಅಂದಿದ್ದರು. ಇನ್ನೊಂದು ಕಡೆ "ಇದು ಸಾಲದ ವಿಷಯ, ಅವರನ್ನೇ ಕೇಳ್ರಿ" ಅಂದು ಕಳಿಸಿದ್ದರು.

ನಾನು ವಿಜಯಪುರ ಜಿಲ್ಲೆಯ ಠಾಣೆಗಳಲ್ಲಿ ರೈಟರ್ (ಠಾಣೆಯ ಬರವಣಿಗೆ ಕೆಲಸದವನು) ಆಗಿ, ಆಮೇಲೆ ಎಎಸ್‌ಐ ಆಗಿ ಕೆಲಸ ಮಾಡಿ ನಿವೃತ್ತನಾದವನು. ಹೊಸದಾಗಿ ಬಂದ ಪಿಎಸ್‌ಐಗಳಿಗೆ, ಠಾಣೆಯ ರೈಟರ್‌ಗಳಿಗೆ, ಸಿಪಿಐ (ಸರ್ಕಲ್ ಇನ್‌ಸ್ಪೆಕ್ಟರ್) ಕಚೇರಿಯಲ್ಲಿ ಕೂತು ಪತ್ರ ಬರೆಯುವ ಸಿಬ್ಬಂದಿಗೆ ಇದನ್ನು ಬರೆಯುತ್ತಿದ್ದೇನೆ. ಕದ್ದವನನ್ನು ಹಿಡಿಯಲು ತಿಂಗಳುಗಳೇ ಬೇಕಾಗಬಹುದು. ಆದರೆ ಹೆಸರು ಕಳೆದುಕೊಂಡವರ ಕೈಗೆ ಒಂದು ಸರಿಯಾದ ಕಾಗದ ಕೊಡುವುದು ಮೊದಲ ದಿನವೇ ಆಗುವ ಕೆಲಸ. ಆ ಕಾಗದ ಇಲ್ಲದೆ ಅವರ ಮಾತನ್ನು ಬ್ಯಾಂಕಿನವರೂ ಕೇಳುವುದಿಲ್ಲ, ವಸೂಲಿಗೆ ಬರುವ ಹುಡುಗರೂ ಕೇಳುವುದಿಲ್ಲ.

ಮೊದಲ ಅರ್ಧ ಗಂಟೆ

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಹೋಗಿರುವುದು ದುಡ್ಡಾ, ಹೆಸರಾ? ಖಾತೆಯಿಂದ ದುಡ್ಡು ಹೋಗಿದ್ದರೆ ಬೇರೆ ಎಲ್ಲ ಪಕ್ಕಕ್ಕಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಅವರಿಗೆ ಬರುವುದಿಲ್ಲ ಅಂದರೆ ನೀವೇ ಹಚ್ಚಿ ಕೊಡಿ. ದುಡ್ಡು ಖಾತೆಯಿಂದ ಖಾತೆಗೆ ನಿಮಿಷಗಳಲ್ಲಿ ಓಡುತ್ತದೆ. ದೂರು ಬರೆದು ಮುಗಿಸಿ ಆಮೇಲೆ ಫೋನ್ ಮಾಡೋಣ ಅಂದರೆ ಅಷ್ಟರಲ್ಲಿ ಎಟಿಎಂನಿಂದ ತೆಗೆದಾಗಿರುತ್ತದೆ. ಬ್ಯಾಂಕಿಗೂ ಅದೇ ದಿನ ಬರಹದಲ್ಲಿ ತಿಳಿಸಲು ಹೇಳಿ. ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಮೋಸ ಆಗಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಇದು ನಮ್ಮ ಹಳ್ಳಿ ಜನಕ್ಕೆ ಗೊತ್ತಿರುವುದಿಲ್ಲ. ನೀವು ಹೇಳಬೇಕು.

ದುಡ್ಡು ಹೋಗಿಲ್ಲ, ಅವರ ಹೆಸರಲ್ಲಿ ಸಾಲ, ಸಿಮ್, ಬ್ಯಾಂಕ್ ಖಾತೆ ಅಥವಾ ಜಿಎಸ್‌ಟಿ ನಂಬರ್ ಎದ್ದಿದೆ ಅಂದರೆ ಕೂತು ಮಾತಾಡಲು ಸಮಯ ಇದೆ. ಈ ಮಾತುಕತೆಯಲ್ಲೇ ಅರ್ಧ ಕೇಸು ಸಿಗುತ್ತದೆ ಅನ್ನೋದು ನನ್ನ ಅನುಭವ.

"ಆಧಾರ್ ಯಾರಿಗಾದ್ರೂ ಕೊಟ್ಟಿದ್ರ್ಯಾ?" ಅಂತ ಕೇಳಿದರೆ "ಯಾರಿಗೂ ಕೊಟ್ಟಿಲ್ರಿ" ಅನ್ನುತ್ತಾರೆ. ಸುಳ್ಳಲ್ಲ, ನೆನಪಿಗೆ ಬರುವುದಿಲ್ಲ ಅಷ್ಟೇ. ಒಂದೊಂದಾಗಿ ಕೇಳಿ. ಗೃಹಲಕ್ಷ್ಮಿ ಅರ್ಜಿ ಎಲ್ಲಿ ಹಾಕಿದ್ರಿ? ಸಂಘದ ಸಾಲಕ್ಕೆ ಕಾಗದ ಯಾರು ಒಯ್ದರು? ಬೆಳೆ ವಿಮೆ ಯಾವ ಅಂಗಡಿಯಲ್ಲಿ ತುಂಬಿಸಿದ್ರಿ? ಸಂತೆಯಲ್ಲಿ ಛತ್ರಿ ಕೆಳಗೆ ಸಿಮ್ ಮಾರುವವನ ಕಡೆ ಸಿಮ್ ತಗೊಂಡಿದ್ರಾ? ಮೊಬೈಲ್ ರಿಪೇರಿಗೆ ಕೊಟ್ಟಾಗ ಲಾಕ್ ತೆಗೆದು ಕೊಟ್ಟಿದ್ರಾ? ಮನೆ ಬಾಗಿಲಿಗೆ ಬಂದು ಫೋಟೊ ತೆಗೆದುಕೊಂಡು ಹೋದವರು ಯಾರು?

ಇನ್ನೊಂದು ಪ್ರಶ್ನೆ ಮರೆಯಬೇಡಿ. "ಮಷಿನ್ ಮ್ಯಾಲೆ ಬೆರಳು ಎಷ್ಟು ಸಲ ಇಟ್ರಿ?" ಬೆರಳು ಸರಿಯಾಗಿ ಬಂದಿದ್ದರೂ "ಬರವಲ್ದು, ಇನ್ನೊಮ್ಮೆ ಇಡ್ರಿ" ಅಂದು ಎರಡನೇ ಸಲ ಇಡಿಸುತ್ತಾರೆ. ಮೊದಲನೆಯದು ಅವರ ಕೆಲಸಕ್ಕೆ, ಎರಡನೆಯದು ಮಷಿನ್ ಹಿಡಿದವನ ಮೋಸದ ಕೆಲಸಕ್ಕೆ. ಹೊಲದಲ್ಲಿ ದುಡಿದು ಬೆರಳ ಗೆರೆ ಸವೆದವರಿಗೆ ಇದು ಅನುಮಾನವೇ ಬರುವುದಿಲ್ಲ, ಯಾಕಂದರೆ ಅವರಿಗೆ ರೇಷನ್ ಅಂಗಡಿಯಲ್ಲೂ ಒಂದೇ ಸಲಕ್ಕೆ ಬರುವುದಿಲ್ಲ.

ಠಾಣೆಯಲ್ಲೇ ಕೂತು ತೆಗೆಯಬಹುದಾದ ದಾಖಲೆ

ಇದಕ್ಕೆ ಯಾರ ಅನುಮತಿಯೂ ಬೇಡ. ದೂರುದಾರರು ತಮ್ಮದೇ ಮಾಹಿತಿಯನ್ನು ತಮ್ಮ ಮೊಬೈಲ್‌ನಿಂದ ತೆಗೆಯುತ್ತಾರೆ, ನೀವು ಪಕ್ಕದಲ್ಲಿ ಕೂತು ತೋರಿಸಿ ಕೊಡುತ್ತೀರಿ. ಓಟಿಪಿ ಮಾತ್ರ ಅವರೇ ಹಾಕಬೇಕು. ಪೊಲೀಸರಿಗೂ ಓಟಿಪಿ ಹೇಳಬಾರದು ಅನ್ನುವುದನ್ನು ಅವರು ಅಲ್ಲೇ ಕಲಿಯಲಿ.

ಮೊದಲನೆಯದು ಆಧಾರ್ ದೃಢೀಕರಣದ ಇತಿಹಾಸ. ಮೈಆಧಾರ್ ಪೋರ್ಟಲ್‌ನಲ್ಲಿ ಕಳೆದ 6 ತಿಂಗಳಲ್ಲಿ ಈ ಆಧಾರನ್ನು ಯಾವ ಸಂಸ್ಥೆ, ಯಾವ ದಿನ, ಎಷ್ಟು ಹೊತ್ತಿಗೆ, ಓಟಿಪಿಯಿಂದಲೋ ಬೆರಳಿಂದಲೋ ಬಳಸಿತು ಅನ್ನೋದು ಸಿಗುತ್ತದೆ. 6 ತಿಂಗಳು ಅನ್ನುವುದನ್ನು ಗಮನಿಸಿ. ಇವತ್ತು ನೋಡೋಣ, ನಾಳೆ ನೋಡೋಣ ಅಂದರೆ ಒಂದೊಂದು ದಿನ ಹಿಂದಿನಿಂದ ಉದುರುತ್ತಾ ಹೋಗುತ್ತದೆ. ಅದೇ ಪೋರ್ಟಲ್‌ನಲ್ಲಿ ವಿಳಾಸವೋ ಮೊಬೈಲ್ ನಂಬರೋ ಯಾವಾಗ ಬದಲಾಯಿತು ಎಂದೂ ನೋಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ದೂರುದಾರರದ್ದೇ ಅಲ್ಲದಿದ್ದರೆ ನಿಮ್ಮ ತನಿಖೆ ಅಲ್ಲಿಂದಲೇ ಶುರು. ಕೆಲಸ ಮುಗಿದ ಮೇಲೆ ಬಯೋಮೆಟ್ರಿಕ್ ಲಾಕ್ ಮಾಡಿಸಿ ಕಳಿಸಿ. ರೇಷನ್‌ಗೆ ಹೋಗುವ ಮುಂಚೆ ಅದನ್ನು ತೆಗೆಯಬೇಕು ಅಂತ ಮನೆಯ ಹುಡುಗರಿಗೆ ಹೇಳಿಕೊಡಿ, ಇಲ್ಲಾಂದ್ರೆ ಪಾಪ ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬರುತ್ತಾರೆ.

ಎರಡನೆಯದು ಸಂಚಾರ್ ಸಾಥಿ. 2023ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಇದನ್ನು ಶುರು ಮಾಡಿತು. ತಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಅಲ್ಲಿ ಕಾಣುತ್ತದೆ. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೆ ಇರಬಹುದು, ಹಾಗಾಗಿ ನಾಲ್ಕೈದು ಹೆಚ್ಚಿಗೆ ಇದ್ದರೂ ಯಾರೂ ತಾವಾಗಿ ಕೇಳುವುದಿಲ್ಲ. "ಇದು ನನ್ನ ನಂಬರ್ ಅಲ್ಲ" ಅನ್ನೋದನ್ನು ಒತ್ತುವ ಮುಂಚೆ ಆ ಪುಟದ ಪ್ರಿಂಟ್ ತೆಗೆದಿಡಿ. ಮೊದಲೇ ಒತ್ತಿಬಿಟ್ಟರೆ ನಂಬರ್ ಬಂದ್ ಆಗುತ್ತದೆ, ಆರೋಪಿಗೂ ಸುಳಿವು ಸಿಗುತ್ತದೆ.

ಮೂರನೆಯದು ಕ್ರೆಡಿಟ್ ರಿಪೋರ್ಟ್. ದೇಶದಲ್ಲಿ ಇಂಥ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ನಾಲ್ಕನ್ನೂ ತೆಗೆಸಿ, ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಕಾಣಬಹುದು. ನೋಟಿಸ್ ಬಂದಿರುವುದು ಒಂದು ಸಾಲಕ್ಕೆ, ವರದಿಯಲ್ಲಿ ಮೂರು ಸಾಲ ಕಂಡದ್ದನ್ನು ನಾನೇ ನೋಡಿದ್ದೇನೆ. ಸಾಲದ ಪಟ್ಟಿ ಅಷ್ಟೇ ಓದಿ ಬಿಡಬೇಡಿ. ವಿಳಾಸ, ಮೊಬೈಲ್, ಇಮೇಲ್ ಇರುವ ಭಾಗ ಓದಿ. ಅಲ್ಲಿ ಕಳ್ಳ ಕೊಟ್ಟ ನಂಬರ್ ಕೂತಿರುತ್ತದೆ.

ಜಿಎಸ್‌ಟಿ ನೋಟಿಸ್ ಅಥವಾ ಆದಾಯ ತೆರಿಗೆ ನೋಟಿಸ್ ಹಿಡಿದು ಬಂದವರಿದ್ದರೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ನಂಬರ್ ಹಾಕಿ ಹುಡುಕಿ. ಆ ಪ್ಯಾನ್ ಮೇಲೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಇದೆ ಎಂದು ಲಾಗಿನ್ ಇಲ್ಲದೆಯೇ ತೋರಿಸುತ್ತದೆ. ನೇಕಾರಿಕೆ ಮಾಡುವ ಇಳಕಲ್ ಕಡೆಯವರೋ, ಹಮಾಲಿ ಮಾಡುವವರೋ ಕೋಟಿಗಟ್ಟಲೆ ವ್ಯವಹಾರದ ಮಾಲೀಕ ಎಂದು ತೋರಿಸಿದರೆ ಅದರ ಪ್ರಿಂಟ್ ಕೂಡ ಫೈಲಿಗೆ ಬೇಕು. ಆದಾಯ ತೆರಿಗೆಯ 26ಎಎಸ್ (ಆ ಪ್ಯಾನ್ ಮೇಲೆ ಕಡಿತವಾದ ತೆರಿಗೆಯ ಪಟ್ಟಿ) ಕೂಡ ತೆಗೆಸಿ.

ಎಫ್‌ಐಆರ್

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅರ್ಜಿ ತಗೊಂಡು ಹಿಂಬರಹ ಕೊಟ್ಟು ಕಳಿಸುವ ರೂಢಿ ಈ ಕೇಸುಗಳಿಗೆ ಸಲ್ಲದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಸಿ ನೇರವಾಗಿ ಇದಕ್ಕೇ ಇದೆ. ಇನ್ನೊಬ್ಬರ ಪಾಸ್‌ವರ್ಡ್, ಎಲೆಕ್ಟ್ರಾನಿಕ್ ಸಹಿ ಅಥವಾ ಬೇರೆ ಯಾವುದೇ ವಿಶಿಷ್ಟ ಗುರುತನ್ನು ಮೋಸದಿಂದ ಬಳಸಿದರೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಇನ್ನೊಬ್ಬರಂತೆ ನಟಿಸಿ ಮೋಸ ಮಾಡಿದರೆ 66ಡಿ, ಅದಕ್ಕೂ ಅಷ್ಟೇ ಶಿಕ್ಷೆ. ಎರಡೂ ಸಂಜ್ಞೇಯ (ಕೋರ್ಟಿನ ಆದೇಶ ಇಲ್ಲದೆಯೇ ಪೊಲೀಸರು ಕೇಸ್ ದಾಖಲಿಸಬಹುದಾದದ್ದು), ಎರಡೂ ಜಾಮೀನು ಸಿಗುವ ಅಪರಾಧ.

2024ರ ಜುಲೈ 1ರ ನಂತರದ ಕೃತ್ಯ ಆದರೆ ಭಾರತೀಯ ನ್ಯಾಯ ಸಂಹಿತೆಯ ಕಲಂಗಳು ಜೊತೆಗೆ ಬರುತ್ತವೆ: ವಂಚನೆಗೆ 318(4), ಬೇರೆಯವರಂತೆ ನಟಿಸಿ ವಂಚಿಸಿದ್ದಕ್ಕೆ 319(2), ವಂಚನೆಗಾಗಿ ಖೊಟ್ಟಿ ದಾಖಲೆ ಮಾಡಿದ್ದಕ್ಕೆ 336(3), ಅದನ್ನು ಅಸಲಿ ಎಂದು ಬಳಸಿದ್ದಕ್ಕೆ 340(2). ಅದಕ್ಕೂ ಹಿಂದಿನ ಕೃತ್ಯ ಆದರೆ ಹಳೆಯ ಐಪಿಸಿ. ಸುಳ್ಳು ಹೆಸರಲ್ಲಿ ಸಿಮ್ ಪಡೆದದ್ದು ಇದ್ದರೆ ಟೆಲಿಕಮ್ಯುನಿಕೇಶನ್ಸ್ ಕಾಯ್ದೆ 2023ರ ಕಲಂ 42 ನೋಡಿ.

ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(3)ರ 14 ದಿನದ ಪ್ರಾಥಮಿಕ ವಿಚಾರಣೆ ಇರುವುದು 3 ವರ್ಷದಿಂದ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿಗೆ, ಅದೂ ಡಿವೈಎಸ್‌ಪಿ ಅನುಮತಿ ಇದ್ದರೆ. 318(4)ಕ್ಕೆ 7 ವರ್ಷ ಇದೆ. ಹಾಗಾಗಿ ಆ ನೆಪ ಇಲ್ಲಿ ನಡೆಯುವುದಿಲ್ಲ.

ಒಂದು ಎಚ್ಚರ. ಐಟಿ ಕಾಯ್ದೆಯ ಕಲಂ 78ರ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪಿಎಸ್‌ಐ ಇರುವ ಠಾಣೆಯಲ್ಲಿ ಕೇಸ್ ದಾಖಲಿಸಿ ತನಿಖೆ ಸಿಪಿಐಗೆ ಕೊಡಿ, ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ವರ್ಗಾಯಿಸಿ. ಪಿಎಸ್‌ಐ ಒಬ್ಬರೇ ಪೂರ್ತಿ ತನಿಖೆ ಮಾಡಿ ಚಾರ್ಜ್‌ಶೀಟ್ ಹಾಕಿದರೆ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಗಡಿಯ ಮಾತೂ ಹೇಳಬೇಕು. ಚಡಚಣದವರಿಗೆ ಸೊಲ್ಲಾಪುರದ ಅಂಗಡಿಯಲ್ಲಿ ಮೋಸ ಆಗಿರಬಹುದು, ನಿಪ್ಪಾಣಿಯವರಿಗೆ ಕೊಲ್ಹಾಪುರದಲ್ಲಿ. "ಅಲ್ಲಿಗೆ ಹೋಗಿ ಕೊಡ್ರಿ" ಅನ್ನಬೇಡಿ. ಬಿಎನ್‌ಎಸ್‌ಎಸ್ 173(1) ಎಲ್ಲಿ ಅಪರಾಧ ನಡೆದಿದ್ದರೂ ದೂರು ತಗೊಳ್ಳಲೇಬೇಕು ಎನ್ನುತ್ತದೆ. ಝೀರೋ ಎಫ್‌ಐಆರ್ ಮಾಡಿ ಆ ಕಡೆಯ ಠಾಣೆಗೆ ನೀವೇ ಕಳಿಸಿ.

ದೂರನ್ನು ಬರೆದುಕೊಳ್ಳುವಾಗ ಪ್ರತಿ ಸಾಲದ ಖಾತೆ ಸಂಖ್ಯೆ, ಮೊತ್ತ, ತಾರೀಕು, ಕೊಟ್ಟ ಕಂಪನಿಯ ಹೆಸರು ಒಂದೊಂದಾಗಿ ಬರಲಿ. "ನನ್ನ ಹೆಸರಲ್ಲಿ ಯಾರೋ ಸಾಲ ಮಾಡಿದ್ದಾರೆ" ಅಂತ ಮಾತ್ರ ಬರೆದ ಎಫ್‌ಐಆರ್ ಒಯ್ದರೆ ಕಂಪನಿಯವರು "ಇದರಲ್ಲಿ ನಮ್ಮ ಸಾಲದ ನಂಬರ್ ಇಲ್ಲ" ಅಂದು ವಾಪಸ್ ಕಳಿಸುತ್ತಾರೆ. "ಈ ಸಾಲಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ, ಹಣ ನನ್ನ ಖಾತೆಗೆ ಬಂದಿಲ್ಲ" ಅನ್ನುವ ವಾಕ್ಯ ಇರಲಿ. ಎಫ್‌ಐಆರ್ ಪ್ರತಿ ಪುಕ್ಕಟೆ. ಎರಡು ಜೆರಾಕ್ಸ್ ಜಾಸ್ತಿ ತೆಗೆದು, ಠಾಣೆಯ ಸೀಲ್ ಹಾಕಿ ಕೊಡಿ.

ಪತ್ರಗಳು

ಬಿಎನ್‌ಎಸ್‌ಎಸ್ ಕಲಂ 94ರ ಕೆಳಗೆ ಠಾಣಾಧಿಕಾರಿ ದಾಖಲೆ ಕೇಳಿ ಆದೇಶ ಕೊಡಬಹುದು, ಇಮೇಲ್‌ನಲ್ಲೂ ಕೊಡಬಹುದು. ಎಫ್‌ಐಆರ್ ಆದ ದಿನವೇ ಪತ್ರಗಳು ಹೋಗಲಿ. ಸಿಸಿಟಿವಿ ಅಳಿಸಿ ಹೋಗುತ್ತದೆ, ಅದಕ್ಕೆ ಕಾಯುವ ಗುಣ ಇಲ್ಲ.

ಸಾಲ ಕೊಟ್ಟ ಕಂಪನಿಗೆ "ಸಾಲದ ವಿವರ ಕಳಿಸಿ" ಅಂತ ಬರೆದರೆ ಒಂದು ಪುಟದ ಸ್ಟೇಟ್‌ಮೆಂಟ್ ಬರುತ್ತದೆ. ಅದರಿಂದ ಏನೂ ಆಗುವುದಿಲ್ಲ. ಬಿಡಿಸಿ ಕೇಳಿ. ಅರ್ಜಿಯ ಜೊತೆ ಬಂದ ಎಲ್ಲ ದಾಖಲೆ, ಸೆಲ್ಫಿ ಅಥವಾ ವಿಡಿಯೊ ಕೆವೈಸಿ, ಅರ್ಜಿ ಹಾಕಿದ ಮೊಬೈಲ್ ನಂಬರ್ ಮತ್ತು ಇಮೇಲ್, ಆ ಹೊತ್ತಿನ ಐಪಿ ವಿಳಾಸ ಸಮಯದ ಸಮೇತ, ಫೋನಿನ ವಿವರ, ಲೊಕೇಶನ್ ಇದ್ದರೆ ಅದು, ಓಟಿಪಿ ಹೋದ ನಂಬರ್, ಅರ್ಜಿ ತಂದ ಏಜೆಂಟನ ಕೋಡ್, ದುಡ್ಡು ಹಾಕಿದ ಖಾತೆ ಮತ್ತು ಯುಟಿಆರ್ (ಹಣ ವರ್ಗಾವಣೆಯ ಗುರುತಿನ) ನಂಬರ್.

ಇಂಡಿಯ ಆ ಹೆಣ್ಣುಮಗಳ ಕೇಸಿನಲ್ಲಿ ಕಂಪನಿಯವರು ಕಳಿಸಿದ ಸೆಲ್ಫಿಯಲ್ಲಿ ಇದ್ದದ್ದು ಅವರದೇ ಮುಖ. "ನೋಡ್ರಿ, ಅವರೇ ತಗೊಂಡಾರ" ಅಂತ ಕಂಪನಿಯವರ ವಾದ. ನಮ್ಮ ಸಾಹೇಬರು ಫೋಟೊ ದೊಡ್ಡದು ಮಾಡಿ ನೋಡಿದರು. ಹಿಂದೆ ನೀಲಿ ಬಣ್ಣದ ಅರ್ಧ ಇಳಿಸಿದ ಶಟರ್, ಬದಿಗೆ ಲ್ಯಾಮಿನೇಶನ್ ಮಷಿನ್. ಹೆಣ್ಣುಮಗಳಿಗೆ ತೋರಿಸಿದಾಗ ತಕ್ಷಣ ಗುರುತು ಹಿಡಿದರು. "ಇದು ಅರ್ಜಿ ಹಾಕಿದ ಅಂಗಡಿ ಅಲ್ರಿ? ಕಣ್ಣು ಮಿಟುಕಸ್ರಿ ಅಂತ ಹೇಳಿ ಫೋಟೊ ಹೊಡದಿದ್ದ." ಸರ್ಕಾರಿ ಯೋಜನೆಯ ಅರ್ಜಿ ಅಂತ ನಂಬಿಸಿ ಅವರ ಮುಖವನ್ನೇ ಸಾಲಕ್ಕೆ ಬಳಸಿದ್ದ. ಹಣ ಹೋದದ್ದು ಅವನ ಪರಿಚಯದ ಹುಡುಗನ ಖಾತೆಗೆ. ಹಾಗಾಗಿ ಮುಖ ಹೊಂದಿತು ಅಂದ ಕೂಡಲೇ ಒಪ್ಪಿಗೆಯೂ ಇತ್ತು ಎಂದು ತಿಳಿಯಬೇಡಿ.

ದುಡ್ಡು ಹೋದ ಬ್ಯಾಂಕಿಗೆ ಖಾತೆ ತೆರೆದ ಫಾರ್ಮ್, ಕೆವೈಸಿ, ಜೋಡಿಸಿದ ಮೊಬೈಲ್, ಎಟಿಎಂ ತೆಗೆದ ಜಾಗ, ಆ ಹೊತ್ತಿನ ಸಿಸಿಟಿವಿ ಕೇಳಿ. ಸ್ಟೇಟ್‌ಮೆಂಟ್ ಜೊತೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆ 1891ರ ಪ್ರಮಾಣಪತ್ರ ಕಡ್ಡಾಯ ಬರಲಿ. ಬಿಎನ್‌ಎಸ್‌ಎಸ್ ಕಲಂ 106ರ ಕೆಳಗೆ ಹಣ ತಡೆಯುವಾಗ ವಿವಾದದ ಮೊತ್ತಕ್ಕಷ್ಟೇ ಲೀನ್ (ತಡೆ) ಹಾಕಿಸಿ, ಮ್ಯಾಜಿಸ್ಟ್ರೇಟರಿಗೆ ತಕ್ಷಣ ವರದಿ ಕಳಿಸಿ. ಪೂರ್ತಿ ಖಾತೆ ಬಂದ್ ಮಾಡಿದರೆ ಏನೂ ಅರಿಯದವರ ಕಬ್ಬಿನ ಬಿಲ್ಲು, ಪಿಂಚಣಿ ಎಲ್ಲ ಸಿಕ್ಕಿಬೀಳುತ್ತದೆ.

ಟೆಲಿಕಾಂ ಕಂಪನಿಯಿಂದ ಸಿಡಿಆರ್ (ಕರೆಗಳ ದಾಖಲೆ) ಎಸ್‌ಪಿ ಕಚೇರಿಯ ಮೂಲಕ ಬರುತ್ತದೆ. ಅದರ ಜೊತೆ ಸಿಎಎಫ್, ಅಂದರೆ ಸಿಮ್ ತಗೊಂಡಾಗಿನ ಅರ್ಜಿ ಕೇಳುವುದನ್ನು ಬಿಡಬೇಡಿ. ಅದರಲ್ಲಿ ಫೋಟೊ, ತಾರೀಕು, ಸಮಯ, ಮಾರಿದವನ ಕೋಡ್ ಇರುತ್ತದೆ. ಒಂದೇ ಮಾರಾಟಗಾರನ ಕೋಡ್ ಎರಡು ಮೂರು ಕೇಸಿನಲ್ಲಿ ಕಂಡರೆ ಎಲ್ಲಿ ಹೋಗಬೇಕು ಅನ್ನೋದು ಗೊತ್ತಾಯಿತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಗೂಗಲ್‌ಗೆ ಪೊಲೀಸರಿಗೆಂದೇ ಬೇರೆ ಪೋರ್ಟಲ್‌ಗಳಿವೆ. ಇಲಾಖೆಯ ಇಮೇಲ್‌ನಿಂದಲೇ ಹೋಗಬೇಕು. ಮೊದಲು ದಾಖಲೆ ಕಾಯ್ದಿಡಲು ಕೋರಿಕೆ ಹಾಕಿ, ಆಮೇಲೆ ಮಾಹಿತಿ ಕೇಳಿ. ನಕಲಿ ಪ್ರೊಫೈಲ್‌ನ ಪೂರ್ತಿ ಯುಆರ್‌ಎಲ್ ಬೇಕು, ಬರೀ ಹೆಸರಿನ ಸ್ಕ್ರೀನ್‌ಶಾಟ್ ಸಾಲದು.

ಆಧಾರ್ ಪ್ರಾಧಿಕಾರಕ್ಕೆ "ಈ ಬೆರಳಚ್ಚು ಯಾರದು ಹೇಳಿ" ಅಂತ ಪತ್ರ ಬರೆದು ತಿಂಗಳುಗಟ್ಟಲೆ ಕಾದವರಿದ್ದಾರೆ. ಸಿಗುವುದಿಲ್ಲ. ಆಧಾರ್ ಕಾಯ್ದೆ 2016ರ ಕಲಂ 29ರಂತೆ ಬೆರಳಚ್ಚು, ಕಣ್ಣಿನ ಪಾಪೆಯ ಗುರುತನ್ನು ಯಾರಿಗೂ ಕೊಡುವುದಿಲ್ಲ. ಉಳಿದ ಗುರುತಿನ ಮಾಹಿತಿಗೆ ಕಲಂ 33(1)ರಂತೆ ಹೈಕೋರ್ಟ್ ನ್ಯಾಯಾಧೀಶರ ಆದೇಶ ಬೇಕು. 2019ರ ತಿದ್ದುಪಡಿಗೆ ಮುಂಚೆ ಜಿಲ್ಲಾ ನ್ಯಾಯಾಧೀಶರು ಸಾಕಿತ್ತು, ಈಗ ಸಾಲದು. ಅದಕ್ಕೇ ದೂರುದಾರರೇ ತೆಗೆಯುವ ಆ 6 ತಿಂಗಳ ಇತಿಹಾಸಕ್ಕೆ ಅಷ್ಟು ಬೆಲೆ.

ಕೋರ್ಟಿನಲ್ಲಿ ನಿಲ್ಲಬೇಕಾದ ಸಾಕ್ಷ್ಯ

ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಇಲ್ಲದ ಪ್ರಿಂಟ್‌ಔಟ್ ಬರೀ ಕಾಗದ. ಈಗಿನ ನಮೂನೆಯಲ್ಲಿ ಎರಡು ಭಾಗ ಇವೆ. ಎ ಭಾಗವನ್ನು ದಾಖಲೆ ಕೊಟ್ಟವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಹ್ಯಾಶ್ ಮೌಲ್ಯವನ್ನೂ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬರೆಯಬೇಕು. ಪತ್ರ ಕಳಿಸುವಾಗಲೇ "ಈ ಪ್ರಮಾಣಪತ್ರದ ಸಮೇತ ಕಳಿಸಿ" ಎಂದು ಕೇಳಿ, ಎರಡು ವರ್ಷ ಆದ ಮೇಲೆ ಕೇಳಿದರೆ ಆ ಮ್ಯಾನೇಜರ್ ಬೇರೆ ಊರಿಗೆ ವರ್ಗವಾಗಿರುತ್ತಾರೆ.

ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಜಪ್ತಿ ಮಾಡುವಾಗ ಬಿಎನ್‌ಎಸ್‌ಎಸ್ ಕಲಂ 105ರಂತೆ ವಿಡಿಯೊ ಆಗಬೇಕು. ಕುತೂಹಲಕ್ಕೆ ಅದರ ಫೋಲ್ಡರ್‌ಗಳನ್ನು ತೆಗೆದು ನೋಡಬೇಡಿ, ಪ್ರತಿ ಕ್ಲಿಕ್ ಗುರುತು ಬಿಡುತ್ತದೆ. ಪಂಚರ ಮುಂದೆ ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಿ. ನಮ್ಮ ಭಾಗಕ್ಕೆ ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಯಾವ ಪರೀಕ್ಷೆ ಎಲ್ಲಿ ಆಗುತ್ತದೆ ಎಂದು ಸಿಇಎನ್ ಠಾಣೆಯವರನ್ನು ಒಂದು ಮಾತು ಕೇಳಿ ಕಳಿಸಿದರೆ ಅಲೆದಾಟ ತಪ್ಪುತ್ತದೆ.

ಆರೋಪಿ ಅಂತ ಕಂಡವರೂ ಕಳೆದುಕೊಂಡವರೇ ಇರಬಹುದು

ಬೇರೆ ರಾಜ್ಯದ ಪೊಲೀಸರು ಒಂದು ಖಾತೆ ನಂಬರ್ ಹಿಡಿದು ನಮ್ಮ ಹಳ್ಳಿಗೆ ಬರುತ್ತಾರೆ. ಖಾತೆ ಇರುವುದು ಕಬ್ಬು ಕಡಿಯಲು ಹೋಗುವ ಒಬ್ಬ ಹುಡುಗನ ಹೆಸರಲ್ಲಿ. ಅವನಿಗೆ ಆ ಬ್ಯಾಂಕ್ ಯಾವ ಊರಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ನೀವು ಸ್ಥಳೀಯ ಠಾಣೆಯವರಾಗಿ ಜೊತೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಖಾತೆಗೆ ಜೋಡಿಸಿದ ಸಿಮ್ ಯಾರ ಫೋನಿನಲ್ಲಿ ಓಡಿದೆ? ಎಟಿಎಂ ಕಾರ್ಡ್ ಯಾವ ವಿಳಾಸಕ್ಕೆ ಹೋಯಿತು? ದುಡ್ಡು ತೆಗೆದದ್ದು ಎಲ್ಲಿ? ಖಾತೆ ತೆರೆದ ದಿನ ಇವನು ಎಲ್ಲಿದ್ದ? ಕೊನೆಯದಕ್ಕೆ ಗ್ಯಾಂಗ್ ಮುಕಾದಮನ ಲೆಕ್ಕದ ವಹಿ ಸಾಕ್ಷಿ ಆಗಬಹುದು, ಉದ್ಯೋಗ ಖಾತ್ರಿ ಕೆಲಸದ ಹಾಜರಿ ಫೋಟೊ ಆಗಬಹುದು, ಅದರಲ್ಲಿ ಜಾಗ, ಸಮಯ ಎರಡೂ ಇರುತ್ತವೆ. ಸಾವಿರ ಎರಡು ಸಾವಿರಕ್ಕೆ ಖಾತೆಯನ್ನೇ ಮಾರಿಕೊಂಡ ಹುಡುಗರೂ ಇದ್ದಾರೆ, ಅವರು ಬೇರೆ. ಗೊತ್ತಾಗುವವರೆಗೆ ಬಿಎನ್‌ಎಸ್‌ಎಸ್ ಕಲಂ 35(3)ರ ನೋಟಿಸ್ ಕೊಟ್ಟು ಕರೆಸಿ. ಮನೆಯವರ ಮುಂದೆ ಕೈ ಹಿಡಿದು ಜೀಪ್ ಹತ್ತಿಸಿದರೆ, ನಾಳೆ ಅವನು ನಿರಪರಾಧಿ ಎಂದು ಗೊತ್ತಾದರೂ ಊರು ಅವನನ್ನು ಬೇರೆ ಕಣ್ಣಲ್ಲೇ ನೋಡುತ್ತದೆ.

ಸಹಾಯ ಎಲ್ಲಿ ಸಿಗುತ್ತದೆ

ಜಿಲ್ಲೆಯ ಸಿಇಎನ್ ಠಾಣೆ ಮೊದಲನೆಯದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ 2019ರ ಆಗಸ್ಟ್ 30ರಿಂದ ನಡೆಯುತ್ತಿದೆ. 1930ಕ್ಕೆ ಬಂದ ದೂರೂ ಅದಕ್ಕೇ ಸೇರುತ್ತದೆ. ಕೇಂದ್ರದ ಸೈಬರ್ ಅಪರಾಧ ಸಮನ್ವಯ ಸಂಸ್ಥೆ ಐ4ಸಿಯ ಸಮನ್ವಯ ಮತ್ತು ಪ್ರತಿಬಿಂಬ ಪೊಲೀಸರಿಗೆಂದೇ ಇರುವ ಸಾಧನ. ಒಂದೇ ಮೊಬೈಲ್ ನಂಬರ್ ಬೇರೆ ರಾಜ್ಯದ ಕೇಸಿನಲ್ಲೂ ಇದೆಯಾ, ಈಗ ಎಲ್ಲಿ ಓಡುತ್ತಿದೆ ಅನ್ನೋದನ್ನು ನೋಡಲು ಆಗುತ್ತದೆ. ಕಲಿಯಲು ಸೈಟ್ರೇನ್ ಪೋರ್ಟಲ್ ಇದೆ, ರಾತ್ರಿ ಪಾಳಿಯಲ್ಲಿ ಕೂತು ಒಂದೊಂದು ಪಾಠ ಮುಗಿಸಬಹುದು. ಬೆಂಗಳೂರಿನ ಸಿಐಡಿಯಲ್ಲಿ ಸಿಸಿಐಟಿಆರ್ ತರಬೇತಿ ಕೇಂದ್ರ ಇದೆ. ಅಲ್ಲಿಗೆ ಹೆಸರು ಕಳಿಸಿ ಅಂತ ಪತ್ರ ಬಂದರೆ ಕೆಲಸ ಕಡಿಮೆ ಇರುವವರನ್ನು ಕಳಿಸುವುದಲ್ಲ, ಪತ್ರ ಬರೆಯುವವರನ್ನು ಕಳಿಸಿ.

ದೂರುದಾರರ ಕೈಗೆ

ಎಫ್‌ಐಆರ್ ಪ್ರತಿಯ ಜೊತೆ ಒಂದು ಪುಟದ ಚೀಟಿ ಬರೆದು ಕೊಡಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಸಾಲ ಕೊಟ್ಟ ಕಂಪನಿಗೆ ಮತ್ತು ಕ್ರೆಡಿಟ್ ಕಂಪನಿಗಳಿಗೆ ಎಫ್‌ಐಆರ್ ಸಮೇತ ತಕರಾರು ಅರ್ಜಿ ಹಾಕಬೇಕು. 30 ದಿನದೊಳಗೆ ಅವರು ಅದನ್ನು ಬಗೆಹರಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಇದೆ. ಅರ್ಜಿ ಕೊಟ್ಟ ಸ್ವೀಕೃತಿ ಕಳೆಯಬಾರದು. ವಸೂಲಿಯವರು ಮನೆಗೆ ಬಂದರೆ ಎಫ್‌ಐಆರ್ ತೋರಿಸಬೇಕು, ಜಗಳ ಮಾಡಿದರೆ ಠಾಣೆಗೆ ಫೋನ್ ಮಾಡಬೇಕು. ಠಾಣೆಯ ನಂಬರ್, ಕೇಸ್ ನಂಬರ್, ತನಿಖಾಧಿಕಾರಿಯ ಹೆಸರು ಅದರಲ್ಲೇ ಇರಲಿ.

ಇಂಡಿಯ ಹೆಣ್ಣುಮಗಳಿಗೆ ಹೀಗೆ ಬರೆದು ಕೊಟ್ಟ ಚೀಟಿಯನ್ನು ಅವರು ಲ್ಯಾಮಿನೇಶನ್ ಮಾಡಿಸಿಕೊಂಡಿದ್ದರು. ಮುಂದಿನ ಸಲ ಬಂದಾಗ ಕೇಳದೆಯೇ ಕುರ್ಚಿ ಎಳೆದುಕೊಂಡು ಕೂತರು.

ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು, ಬಿಎನ್‌ಎಸ್‌ಎಸ್ 193(3)ರಲ್ಲಿ ಇದೆ. ಎಫ್‌ಐಆರ್ ಆದ ದಿನವೇ ಆ ತಾರೀಕು ಎಣಿಸಿ, ಕೆಂಪು ಪೆನ್ನಿನಲ್ಲಿ ಫೈಲಿನ ಮುಖಪುಟದ ಮೇಲೆ ಬರೆದಿಡಿ.